ಸಾಕ್ಷಿ ಹೇಳಲು ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಅಮೆರಿಕದಲ್ಲಿ ನಿನ್ನ ಜೊತೆಗಿನ ಹುಡುಗರ ಗುಂಪು ಪವಿತ್ರ ವಾರದಲ್ಲಿ ಸುವಾರ್ತೆ ಸಾರಲು ಗ್ವಾಟೆಮಾಲಾಕ್ಕೆ ಹೋಗುತ್ತಂತೆ, ನೀನೂ ಹೊರಟಿದ್ದೀಯಂತೆ. ಟಿಕೆಟ್ಟು, ಖರ್ಚು, ನಿನ್ನಪ್ಪನ ಸಿಟ್ಟು ಎಲ್ಲ ನಿಮ್ಮ ಮನೆಯಲ್ಲಿ ಆಗಲೇ ಮಾತಾಗಿದೆ. ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ದೊಡ್ಡಮ್ಮ, ನಮ್ಮ ಹಿರಿಯರು ಭೂತಾರಾಧನೆಯ ಕತ್ತಲಿನಿಂದ ಹೇಗೆ ಹೊರಗೆ ಬಂದರು ಅಂತ ನಾನು ಅಲ್ಲಿ ಸಾಕ್ಷಿ ಹೇಳಬೇಕಂತೆ, ಯಾಕೋ ಹೆದರಿಕೆಯಾಗುತ್ತೆ" ಅಂತ. ಅದನ್ನು ಓದಿದ ಮೇಲೆ ನನಗೂ ನೆಮ್ಮದಿ ಇಲ್ಲ. ಹೆದರಬೇಡ ಅಂತ ಬರೆಯೋಣ ಅಂತ ಕೂತೆ. ಬರೆಯಲು ಕೈ ಬರಲಿಲ್ಲ. ನಿನ್ನ ಹೆದರಿಕೆ ಸರಿಯಾಗಿಯೇ ಇದೆ.

ನೀವು ಹೋಗುವ ಸಾಂತಿಯಾಗೊ ಅತಿತ್ಲಾನ್ ಬಗ್ಗೆ ಮೊಬೈಲಿನಲ್ಲಿ ಹುಡುಕಿ ಓದಿದೆ. ಸರೋವರದ ದಡದ ಊರು, ಸುತ್ತ ಜ್ವಾಲಾಮುಖಿಗಳು. ಜನರು ಮಾಯಾ ಎಂಬ ಮೂಲನಿವಾಸಿಗಳು, ಮನೆಮಾತು ತ್ಸುತುಹಿಲ್. 16ನೇ ಶತಮಾನದಿಂದಲೇ ಅಲ್ಲಿ ಚರ್ಚು ಇದೆ. ಪವಿತ್ರ ವಾರದಲ್ಲಿ ಮಾಶಿಮೋನ್ ಎಂಬ ಮೂರ್ತಿಯನ್ನು ಮೆರವಣಿಗೆಯಲ್ಲಿ ಹೊರತರುತ್ತಾರೆ. ಮರದ ಮೂರ್ತಿ, ತಲೆಗೆ ಟೋಪಿ, ಕೊರಳಿಗೆ ಬಣ್ಣಬಣ್ಣದ ವಸ್ತ್ರ, ಬಾಯಲ್ಲಿ ಚುಟ್ಟ. ಹರಕೆಗೆ ಸಾರಾಯಿ. ಶುಭ ಶುಕ್ರವಾರ ಯೇಸುವಿನ ಮೂರ್ತಿ ಹೊರಡುವ ಅದೇ ಊರಿನಲ್ಲಿ ಇವನೂ ಹೊರಡುತ್ತಾನೆ.

ಓದುತ್ತಾ ನನಗೆ ನಮ್ಮ ತುಳುನಾಡಿನ ದೈವ ಕೊರಗಜ್ಜನ ನೆನಪಾಯಿತು. ಕಳ್ಳು, ಚಕ್ಕುಲಿ, ವೀಳ್ಯದೆಲೆ. ನಮ್ಮ ಪಕ್ಕದ ಮನೆಯವರು ಚಿನ್ನದ ಬಳೆ ಕಳೆದರೂ ಅಜ್ಜನಿಗೇ ಹೇಳಿಕೊಳ್ಳುವುದು. ಆ ಮನೆಯಿಂದ ಹಬ್ಬದ ಪಾಯಸ ನಮಗೆ ಬರುತ್ತೆ, ಕ್ರಿಸ್ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿ ಅಲ್ಲಿಗೆ ಹೋಗುತ್ತೆ. ನಿಮ್ಮ ಲೀಡರು ನಿನ್ನನ್ನೇ ಯಾಕೆ ಆರಿಸಿದರು ಅಂತ ಆಗ ಅರ್ಥವಾಯಿತು. ಅಲ್ಲಿಯವರಿಗೆ ಮಾಶಿಮೋನನನ್ನು ಬಿಡಿ ಅಂತ ಅಮೆರಿಕದ ಹುಡುಗರು ಹೇಳಿದರೆ ಒಂದು ಥರ. ನೀನು ಹೇಳಿದರೆ ಇನ್ನೊಂದು ಥರ. ನಿನ್ನ ಮೈಬಣ್ಣ, ನಿನ್ನ ಮುತ್ತಜ್ಜನ ಕಥೆ, ಎರಡೂ ಅವರಿಗೆ ಬೇಕು. ಕೆಟ್ಟ ಮನಸ್ಸಿನಿಂದ ಅಂತ ನಾನು ಹೇಳುತ್ತಿಲ್ಲ.

ಕಥೆ ಸುಳ್ಳೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬರದಿದ್ದರೆ ನಾನು ಟೀಚರ್ ಆಗುತ್ತಿರಲಿಲ್ಲ, ನೀನು ಅಲ್ಲಿ ಓದುತ್ತಿರಲಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು ಅವರು, 1894ರಲ್ಲಿ ಕಿಟೆಲ್ ನಿಘಂಟು ಕೊಟ್ಟವರೂ ಅವರೇ. ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಆ ಮುತ್ತಜ್ಜ, ನನ್ನ ಅಜ್ಜಿಯ ಅಪ್ಪ, ಮೂರ್ತೆ ಅಂದರೆ ಕಳ್ಳು ಇಳಿಸುವ ಕೆಲಸ ಮಾಡುತ್ತಿದ್ದವರು. ದೀಕ್ಷಾಸ್ನಾನವಾದ ಮೇಲೆ ಮೂರ್ತೆ ಬಿಟ್ಟರು, ಅಣ್ಣತಮ್ಮಂದಿರು ಮನೆಗೆ ಸೇರಿಸಲಿಲ್ಲ, ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದರು. ಅವರಮ್ಮ ಸತ್ತಾಗ ದೂರ ನಿಂತು ನೋಡಿ ಬಂದರಂತೆ. ಇದನ್ನೆಲ್ಲ ಬೆಳಕಿಗೆ ಬಂದರು ಅನ್ನುವ ಒಂದೇ ಮಾತಿನಲ್ಲಿ ಹೇಗೆ ಹೇಳುತ್ತೀ?

ಒಂದು ಸಂಗತಿ ನಿನ್ನಮ್ಮನಿಗೂ ಗೊತ್ತಿಲ್ಲ. ನಾನು ಕಾಲೇಜಿಗೆ ಹೋಗುವಾಗ ಸಭೆಗೆ ಹೊರದೇಶದ ಅತಿಥಿಗಳು ಬಂದಿದ್ದರು. ಹಳೆಯ ಕುಟುಂಬ ಅಂತ ಅಜ್ಜಿಯನ್ನು ಮುಂದೆ ಕೂರಿಸಿ ಸಾಕ್ಷಿ ಕೇಳಿದರು. ಅಜ್ಜಿ ತುಳುವಿನಲ್ಲಿ ಎರಡು ಮಾತು ಹೇಳಿದರು: ಅಪ್ಪ ಮಿಷನ್ನಿಗೆ ಸೇರಿದರು, ನಾನು ಅಲ್ಲೇ ಹುಟ್ಟಿದೆ. ಇಂಗ್ಲಿಷಿನಲ್ಲಿ ಹೇಳಿದವರು ಅದನ್ನು ಹತ್ತು ನಿಮಿಷ ಹೇಳಿದರು. ಅತಿಥಿಗಳ ಕಣ್ಣಲ್ಲಿ ನೀರು. ಫೋಟೋ ತೆಗೆದರು. ಮನೆಗೆ ಬರುವಾಗ ಅಜ್ಜಿ ನನ್ನನ್ನು ಕೇಳಿದರು, "ನಾನು ಏನು ಹೇಳಿದೆ ಅಂತ ಅವರು ಅತ್ತದ್ದು?" ನಾನು ನಕ್ಕುಬಿಟ್ಟೆ. ಅಜ್ಜಿಗೆ ನಿಜವಾಗಿ ಏನು ಹೇಳಬೇಕಿತ್ತು ಅಂತ ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಈಗ ಯಾರನ್ನು ಕೇಳಲಿ? ನಿನ್ನ ಪತ್ರ ಓದಿದಾಗ ಆ ಬೆಂಚಿನ ಮೇಲೆ ನೀನು ಕೂತ ಹಾಗೆ ಕಂಡಿತು.

ಹೋಗಬೇಡ ಅನ್ನುತ್ತಿಲ್ಲ. ಹೊರಗಿನವರು ಹೋಗಲೇಬಾರದು ಅಂತಲೂ ಅಲ್ಲ. ಅದೇ ಊರಿಗೆ 1968ರಲ್ಲಿ ಅಮೆರಿಕದ ಒಕ್ಲಹೋಮಾದಿಂದ ಸ್ಟ್ಯಾನ್ಲಿ ರೋದರ್ ಅನ್ನುವ ಪಾದ್ರಿ ಹೋದರು, ರೈತರ ಮನೆಯ ಹುಡುಗ. ತ್ಸುತುಹಿಲ್ ಕಲಿತರು, ಹೊಸ ಒಡಂಬಡಿಕೆ ಆ ಭಾಷೆಗೆ ಬರಲು ದುಡಿದರು, ಜನರ ಜೊತೆ ಹೊಲದಲ್ಲಿ ಕೆಲಸ ಮಾಡಿದರು. ಕೊಲ್ಲುವವರ ಪಟ್ಟಿಯಲ್ಲಿ ಹೆಸರಿದೆ ಅಂತ ಗೊತ್ತಾಗಿ ಒಕ್ಲಹೋಮಾಕ್ಕೆ ಹೋದವರು, ತಿರುಗಿ ಅಲ್ಲಿಗೇ ಬಂದರು. 1981ರ ಜುಲೈಯಲ್ಲಿ ಅವರನ್ನು ಅಲ್ಲೇ ಕೊಂದರು. ದೇಹವನ್ನು ಅಮೆರಿಕಕ್ಕೆ ಕಳಿಸಿದರು, ಹೃದಯವನ್ನು ಊರಿನವರು ಇಟ್ಟುಕೊಂಡರು. ಚರ್ಚಿಗೆ ಹೋದರೆ ನೋಡು. 1960ರಿಂದ 1996ರವರೆಗೆ ಗ್ವಾಟೆಮಾಲಾದಲ್ಲಿ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಹೆಚ್ಚಿನವರು ಮಾಯಾ ಜನ. ನಿನ್ನ ಮುಂದೆ ಕೂರುವ ಮುದುಕಿಯರು ಅದನ್ನೆಲ್ಲ ಕಂಡವರು. ಅವರಿಗೆ ಕತ್ತಲು ಅಂದರೆ ಏನು ಅಂತ ನೀನು ಹೇಳುವುದಾ? ಒಂದು ವಾರಕ್ಕೆ ಹೋಗಿ?

ನೋಡು, ಮತ್ತೆ ಅಲ್ಲಿಗೇ ಬಂದೆ.

ಏನು ಮಾಡಬೇಕು ಅಂತ ಕೇಳಿದ್ದೀ. ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ. ಸಾಕ್ಷಿ ಹೇಳಲೇಬೇಕಾದರೆ ನಿನ್ನದೇ ಹೇಳು ಅನ್ನಿಸುತ್ತೆ. ಮೊದಲ ಚಳಿಗಾಲದಲ್ಲಿ ಒಬ್ಬಳೇ ಅಳುತ್ತಾ ಕೀರ್ತನೆ ಓದಿದೆ ಅಂತ ಬರೆದಿದ್ದೆಯಲ್ಲ, ಅದು ಸಾಕು. ಮುತ್ತಜ್ಜನ ಕಥೆ ಬೇಕೇ ಬೇಕು ಅಂದರೆ ಹಂಚಿನ ಕಾರ್ಖಾನೆಯನ್ನೂ ಹೇಳು, ಸತ್ತ ಅಮ್ಮನನ್ನೂ ಹೇಳು. ಅರ್ಧ ಹೇಳುವುದಾದರೆ ಬೇಡ. ಲೀಡರಿಗೆ ಹೊರಡುವ ಮೊದಲೇ ತಿಳಿಸು, ಅಲ್ಲಿ ಎಲ್ಲರ ಮುಂದೆ ಅವರಿಗೂ ಮುಜುಗರ ಬೇಡ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಸುಮ್ನೆ ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕೂತು ರೊಟ್ಟಿ ತಟ್ಟಿದರೂ ಆಯಿತು, ಅದು ನಿನಗೆ ಬರುತ್ತೆ ಅಲ್ವಾ.

ಇನ್ನು ಸಣ್ಣಪುಟ್ಟದ್ದು. ಊರು ಸುಮಾರು 1,600 ಮೀಟರ್ ಎತ್ತರದಲ್ಲಿದೆಯಂತೆ, ರಾತ್ರಿಗೆ ಸ್ವೆಟರ್ ಬೇಕು. ಮಧ್ಯಾಹ್ನದ ಮೇಲೆ ಸರೋವರದಲ್ಲಿ ಜೋರು ಗಾಳಿ ಏಳುತ್ತಂತೆ, ದೋಣಿ ಬೆಳಿಗ್ಗೆಯೇ ಹತ್ತಿ. ಬೀದಿಯಲ್ಲಿ ಬಣ್ಣದ ಮರದ ಹುಡಿಯಿಂದ ರಂಗೋಲಿ ಹಾಕಿರುತ್ತಾರೆ, ಮೆರವಣಿಗೆ ಹೋಗುವ ಮೊದಲು ತುಳಿಯಬೇಡ. ಮಕ್ಕಳ ಫೋಟೋ ಕೇಳದೆ ತೆಗೆಯಬೇಡ. ಮಾಶಿಮೋನನನ್ನು ನೋಡಲು ಕರೆದರೆ ಹೋಗು, ನಮಸ್ಕಾರ ಮಾಡುವುದು ಬಿಡುವುದು ನಿನಗೆ ಬಿಟ್ಟದ್ದು. ಇದನ್ನು ನಮ್ಮ ಪಾಸ್ಟರಿಗೆ ಹೇಳಬೇಡ.

ಲೀಡರು ಏನಂದರು ಅಂತ ನನಗೆ ಬರೆ, ಫೋನಾದರೂ ಮಾಡು. ಅಲ್ಲಿ ಬೆಳಿಗ್ಗೆ ಹತ್ತು ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ, ಎಚ್ಚರ ಇರುತ್ತೇನೆ. ಶುಭ ಶುಕ್ರವಾರ ಮಧ್ಯಾಹ್ನ ಮಾತ್ರ ಮೂರು ಗಂಟೆಯ ಆರಾಧನೆ, ಫೋನು ಆಫ್ ಇರುತ್ತೆ.

ನಿನ್ನ
ದೊಡ್ಡಮ್ಮ