ಮಗಳಿಗೊಂದು ಪತ್ರ: ತೋಪಿನ ಹಿಂದಿನ ವರ್ಷಗಳು

ಬೆಳಗಾವಿ

ಚಿ. ಕು. ಶಿವಲೀಲಾಳಿಗೆ ನಿನ್ನ ಅಪ್ಪ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾದರೆ ಫಿರಂಗಿ ದಳವನ್ನೇ ಕೇಳಿಕೊಳ್ಳುವೆನೆಂದು ನೀನು ಬರೆದುದನ್ನು ಓದಿ ಬಹಳ ಸಂತೋಷವಾಯಿತು. 2023ರ ಏಪ್ರಿಲ್‌ನಲ್ಲಿ ಐವರು ಮಹಿಳಾ ಅಧಿಕಾರಿಗಳು ಸೇರುವವರೆಗೆ ಆ ದಳದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ತೋಪುಗಳ, ಅಂದರೆ ಫಿರಂಗಿಗಳ, ಹೆಸರು, ಅಳತೆಗಳನ್ನು ನೀನು ಬಾಯಿಪಾಠ ಮಾಡುತ್ತಿರುವೆ, ಅದು ಬೇಕು. ಆದರೆ ಒಂದು ಆಯುಧ ಯೋಧನ ಕೈಗೆ ಯಾವಾಗ ತಲುಪಿತು, ತಡವಾಗಿದ್ದರೆ ಏಕೆ ತಡವಾಯಿತು ಎಂಬುದನ್ನು ಅರಿಯದೆ ಸೈನ್ಯದ ಇತಿಹಾಸ ತಿಳಿಯುವುದಿಲ್ಲವೆಂದು ನಾನು ನಂಬಿದ್ದೇನೆ.

ನಮ್ಮೂರ ಕ್ಯಾಂಪಿನಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಹಳೆಯ ಪಲ್ಟನ್ 1768ರಷ್ಟು ಹಿಂದಿನದು. ಶೌರ್ಯದ ಪರಂಪರೆ ಅಷ್ಟು ದೀರ್ಘವಾಗಿದ್ದರೂ, 1962ರ ಚೀನಾ ಯುದ್ಧದಲ್ಲಿ ನಮ್ಮ ಪದಾತಿಗಳು ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕಾದ, ಎರಡೂ ಮಹಾಯುದ್ಧಗಳನ್ನು ಕಂಡಿದ್ದ ತ್ರೀ ನಾಟ್ ತ್ರೀ ಬಂದೂಕುಗಳನ್ನೇ ಹಿಡಿದಿದ್ದರು. ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂಂ ರೆಜಿಮೆಂಟಿನ ಕಂಪನಿಯವರು ಲಡಾಖಿನ ರೆಜಾಂಗ್ ಲಾ ಕಣಿವೆದಾರಿಯಲ್ಲಿ ಹೋರಾಡಿ ಮಡಿದದ್ದು ಅಂಥ ಬಂದೂಕುಗಳೊಂದಿಗೇ. ಆ ಯುದ್ಧದ ನಂತರವೇ ಬಂಗಾಳದ ಇಶಾಪುರದಲ್ಲಿ ತಯಾರಾದ, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಎಸ್‌ಎಲ್‌ಆರ್ ಬಂದೂಕು ವ್ಯಾಪಕವಾಗಿ ಬಳಕೆಗೆ ಬಂತು. 1990ರ ದಶಕದಲ್ಲಿ ನಮ್ಮ ದೇಶದಲ್ಲೇ ರೂಪಿಸಿದ ಇನ್ಸಾಸ್ ಬಂದೂಕು ಬಂತು.

ನೀನು ಹೆಚ್ಚು ಗಮನವಿಟ್ಟು ಓದಬೇಕಾದುದು ಬೊಫೋರ್ಸ್ ಕಥೆ. 1986ರಲ್ಲಿ ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ 155 ಮಿ.ಮೀ. ಕೊಳವೆ ವ್ಯಾಸದ 410 ತೋಪುಗಳನ್ನು ಕೊಳ್ಳುವ ಒಪ್ಪಂದವಾಯಿತು. ಮರುವರ್ಷವೇ ಲಂಚದ ಆರೋಪ ಎದ್ದು ದೇಶದ ರಾಜಕೀಯವನ್ನು ಅಲುಗಾಡಿಸಿತು. ಆದರೆ 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್, ಟೈಗರ್ ಹಿಲ್‌ಗಳಂಥ ಶಿಖರಗಳ ಮೇಲಿದ್ದ ಶತ್ರುವಿನ ಬಂಕರುಗಳನ್ನು ಒಡೆದು ನಮ್ಮ ಪದಾತಿಗಳು ಮೇಲೇರಲು ದಾರಿ ಮಾಡಿಕೊಟ್ಟದ್ದರಲ್ಲಿ ಆ ತೋಪಿನ ಪಾಲು ಬಹು ದೊಡ್ಡದು. ಕೆಲವೆಡೆ ನಮ್ಮ ಗೋಲಂದಾಜರು, ಅಂದರೆ ತೋಪು ಹಾರಿಸುವ ಯೋಧರು, ಮರೆಯಿಲ್ಲದ ಬಯಲಿಗೆ ತೋಪನ್ನು ತಂದು, ಶತ್ರುವಿನ ಕಣ್ಣಿಗೆ ತಾವೂ ಬೀಳುವರೆಂಬುದನ್ನು ಅರಿತೇ, ಗುರಿಯನ್ನು ನೇರವಾಗಿ ನೋಡಿ ಹೊಡೆದರು.

ಲಂಚದ ವಿಚಾರಣೆ ಆಗಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹಗರಣದ ಭಯದಿಂದ ಖರೀದಿಯ ನಿರ್ಧಾರಗಳೇ ಸ್ಥಗಿತಗೊಂಡು, 2018ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ದೇವಳಾಲಿಯಲ್ಲಿ ಎಂ777 ಮತ್ತು ಕೆ9 ವಜ್ರ ತೋಪುಗಳು ಸೇರ್ಪಡೆಯಾಗುವವರೆಗೆ, ಸುಮಾರು ಮೂರು ದಶಕ, ಸೈನ್ಯಕ್ಕೆ ಇಂಥ ಹೊಸ ತೋಪು ಸಿಗಲಿಲ್ಲ. ತಪ್ಪು ಯಾರದೇ ಆಗಿರಲಿ, ಅದರ ದಂಡವನ್ನು ತೆತ್ತವನು ಗಡಿಯಲ್ಲಿ ನಿಂತ ಗೋಲಂದಾಜ.

ನನ್ನನ್ನು ಇನ್ನಷ್ಟು ನೋಯಿಸುವುದು ಬೇರೆಯೇ ಇದೆ. ಬೊಫೋರ್ಸ್ ತೋಪನ್ನು ಇಲ್ಲೇ ತಯಾರಿಸಲು ಬೇಕಾದ ನಕ್ಷೆಗಳು ಒಪ್ಪಂದದ ಭಾಗವಾಗಿ ನಮ್ಮ ಕೈಸೇರಿದ್ದವು. ಅವುಗಳ ಆಧಾರದ ಮೇಲೆಯೇ ಜಬಲ್ಪುರದ ಕಾರ್ಖಾನೆ ಧನುಷ್ ತೋಪನ್ನು ರೂಪಿಸಿತು. ಕೊಳವೆಯ ಉದ್ದವನ್ನು ಅದರ ವ್ಯಾಸದ 39 ಪಟ್ಟಿನಿಂದ 45 ಪಟ್ಟಿಗೆ ಹೆಚ್ಚಿಸಿದ್ದರಿಂದ ಮದ್ದಿನ ಅನಿಲ ಗುಂಡನ್ನು ಇನ್ನಷ್ಟು ಹೊತ್ತು ದೂಡುತ್ತದೆ, ಗುಂಡು ಇನ್ನಷ್ಟು ದೂರ ಹೋಗುತ್ತದೆ. ಆದರೆ ಮೊದಲ ಆರು ಧನುಷ್‌ಗಳು ಸೈನ್ಯಕ್ಕೆ ಹಸ್ತಾಂತರವಾದದ್ದು 2019ರ ಏಪ್ರಿಲ್‌ನಲ್ಲಿ.

ಸಂದರ್ಶನದಲ್ಲಿ ಧನುಷ್ ಬಗ್ಗೆ ಕೇಳಿದರೆ ಅದು ಎಷ್ಟು ಕಿಲೋಮೀಟರ್ ಹೊಡೆಯುತ್ತದೆ ಎಂಬುದರಿಂದ ಆರಂಭಿಸಬೇಡ, ಮಗಳೇ. ಆ ನಕ್ಷೆಗಳು ಕಾರ್ಖಾನೆಗೆ ಇಳಿಯಲು ಎಷ್ಟು ವರ್ಷ ಹಿಡಿಯಿತು ಎಂಬುದರಿಂದ ಆರಂಭಿಸು.

ಇಂತಿ,
ನಿನ್ನ ಅಪ್ಪ