ಟ್ಯಾಂಕಿನಲ್ಲಿ ಇದ್ದರೆ ಸಾಲದು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹೆಲಿಕಾಪ್ಟರ್ ತರಬೇತಿಯಲ್ಲಿ ನೀನು ಒಂಟಿಯಾಗಿ ಹಾರುವ ಹಂತಕ್ಕೆ ಬಂದಿರುವೆಯೆಂದು ನಿನ್ನ ಅಪ್ಪ ತಿಳಿಸಿದ. ಬಹಳ ಸಂತೋಷವಾಯಿತು. ವಾಯುಪಡೆಯ ಹ್ಯಾಂಗರಿನಲ್ಲಿ ಎಂಜಿನ್ನುಗಳ ನಡುವೆ ಬಾಳಿದ ನಾನು ಇಂಧನದ ವಿಚಾರವೊಂದನ್ನೇ ಬರೆಯುತ್ತೇನೆ; ಉಳಿದದ್ದನ್ನು ನಿನ್ನ ಬೋಧಕರು ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

2013ರ ನವೆಂಬರ್ 29ರ ರಾತ್ರಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಪೊಲೀಸ್ ಕೆಲಸ ಮುಗಿಸಿ ಮರಳುತ್ತಿದ್ದ ಇಸಿ135 ಹೆಲಿಕಾಪ್ಟರ್ ‘ಕ್ಲೂಥಾ’ ಎಂಬ ಪಬ್ಬಿನ ಚಾವಣಿಯ ಮೇಲೆ ಬಿದ್ದು, ಅದರಲ್ಲಿದ್ದ ಮೂವರೂ ಪಬ್ಬಿನಲ್ಲಿದ್ದ ಏಳು ಮಂದಿಯೂ ಪ್ರಾಣ ಕಳೆದುಕೊಂಡರು. ಮುಖ್ಯ ಟ್ಯಾಂಕಿನಲ್ಲಿ ಆಗ 70 ಕೆ.ಜಿ.ಗೂ ಮೀರಿ ಇಂಧನವಿತ್ತು ಎಂಬುದನ್ನು ಗಮನಿಸು. ಆದರೆ ಆ ಯಂತ್ರದ ಎಂಜಿನ್ನುಗಳಿಗೆ ಇಂಧನ ಸಿಗುವುದು ಎರಡು ಚಿಕ್ಕ ಸಪ್ಲೈ ಟ್ಯಾಂಕುಗಳಿಂದ. ಮುಖ್ಯ ಟ್ಯಾಂಕಿನಿಂದ ಅವುಗಳಿಗೆ ತುಂಬಿಸುವ ಎರಡು ಟ್ರಾನ್ಸ್‌ಫರ್ ಪಂಪುಗಳ ಸ್ವಿಚ್ಚುಗಳೂ ಆಫ್ ಆಗಿದ್ದವು. ಒಂದು ಎಂಜಿನ್ ನಿಂತು 32 ಸೆಕೆಂಡಿಗೆ ಇನ್ನೊಂದೂ ನಿಂತಿತು.

ಆ ಪಂಪುಗಳನ್ನು ಆಫ್ ಮಾಡುವುದಕ್ಕೆ ಕಾರಣವೂ ಇರುತ್ತದೆ. ಇಂಧನ ಕಡಿಮೆಯಾದಾಗ ಹೆಲಿಕಾಪ್ಟರ್ ಒಂದೆಡೆ ತೂಗಿ ನಿಂತರೆ ಮೂತಿ ಮೇಲೇರಿ, ಟ್ಯಾಂಕಿನ ಮುಂಭಾಗದ ಪಂಪು ಇಂಧನದಿಂದ ಹೊರಬಿದ್ದು ಒಣಗಿ ಓಡುತ್ತದೆ. ಹಾಗಾಗಿ ಅದನ್ನು ಆಫ್ ಮಾಡುತ್ತಾರೆ. ಮುಂದಕ್ಕೆ ಹಾರುವಾಗ ಮೂತಿ ತಗ್ಗಿ ಇಂಧನ ಮುಂದೆ ಬರುತ್ತದೆ, ಆಗ ಅದೇ ಪಂಪು ಬೇಕು. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವ ಆ ಒಂದು ಬೆರಳಿನ ಕೆಲಸ ನಿನ್ನ ಅಭ್ಯಾಸವಾಗಿ ಕೂರಬೇಕು.

2019ರಲ್ಲಿ ಮುಗಿದ ನ್ಯಾಯಾಂಗ ವಿಚಾರಣೆಯ ಪ್ರಕಾರ, ಇಂಧನ ಕಡಿಮೆಯೆಂಬ ಎಚ್ಚರಿಕೆ ಐದು ಬಾರಿ ಬಂದಿತ್ತು, ಐದು ಬಾರಿಯೂ ಅದನ್ನು ಗಮನಿಸಿದ ಗುರುತಾಗಿ ಗುಂಡಿ ಒತ್ತಲಾಗಿತ್ತು. ಆ ಎಚ್ಚರಿಕೆ ಬಂದ 10 ನಿಮಿಷದೊಳಗೆ ಇಳಿಯಬೇಕೆಂಬುದು ಕೈಪಿಡಿಯ ಆಜ್ಞೆ. ಪೈಲಟ್ ಸಾವಿರಾರು ಗಂಟೆ ಹಾರಿದ್ದ ಅನುಭವಿ. ಅಂಥವರಿಗೇ ಹೀಗಾಯಿತೆಂದರೆ, ಇದನ್ನು ದಡ್ಡರ ತಪ್ಪೆಂದು ಬದಿಗೆ ಸರಿಸಬೇಡ. ಎಚ್ಚರಿಕೆಯ ದೀಪ ಹೊತ್ತಿದ ಕೂಡಲೇ ಗಡಿಯಾರ ನೋಡು, ಇಳಿಯುವ ಜಾಗ ಗುರುತಿಸು, ಗುಂಡಿ ಒತ್ತುವುದು ಅದಾದ ಮೇಲೆ.

ಇಂಧನ ತುಂಬಿಸುವವರು ಲೀಟರಿನಲ್ಲಿ ಹೇಳುತ್ತಾರೆ, ನಿನ್ನ ಲೆಕ್ಕ ಕೆ.ಜಿ.ಯಲ್ಲಿ ಇರಬಹುದು; ಜೆಟ್ ಇಂಧನ 100 ಲೀಟರಿಗೆ ಸುಮಾರು 80 ಕೆ.ಜಿ. ಮಾತ್ರ. ರಸೀದಿಯನ್ನೂ ಮೀಟರನ್ನೂ ಹೋಲಿಸಿಯೇ ಏರು.

ಮುಂದೆ ಚುನಾವಣಾ ಪ್ರಚಾರದ ಹೆಲಿಕಾಪ್ಟರ್ ಹಾರಿಸುವ ಸಂದರ್ಭ ನಿನಗೂ ಬಂದೀತು. ಸಭೆ ತಡವಾಗಿ, ಹಿಂದೆ ಕುಳಿತ ದೊಡ್ಡವರು ಇನ್ನೊಂದು ಊರಿಗೆ ಹೋಗಿಬಿಡೋಣ ಎನ್ನುತ್ತಾರೆ. ಎಷ್ಟು ಇಂಧನ ಉಳಿದಾಗ ಇಳಿಯಬೇಕೆಂಬುದನ್ನು ನೆಲದ ಮೇಲಿರುವಾಗಲೇ ಬರೆದಿಟ್ಟುಕೊಂಡಿದ್ದರೆ ಅವರೊಡನೆ ಚರ್ಚೆಗೆ ಅವಕಾಶವೇ ಇರದು. ಕೊನೆಯ ಮೀಸಲು ಇಂಧನವನ್ನು ಮುಟ್ಟದೆ ಇಳಿಯಲಾಗದೆಂದು ಕಂಡರೆ ರೇಡಿಯೋದಲ್ಲಿ ‘ಮೇಡೇ ಫ್ಯುಯೆಲ್’ ಎಂದು ಇಂಧನದ ತುರ್ತು ಕರೆ ಕೊಡಲು ಸಂಕೋಚ ಬೇಡ. ಬಯಲು ಸಿಕ್ಕರೆ ಹೊಲದಲ್ಲೇ ಇಳಿ, ಯಾರು ಏನಂದರೂ ಅನ್ನಲಿ.

ನೀನೀಗ ಹಾರಿಸುವ ಯಂತ್ರದ ಇಂಧನ ಟ್ಯಾಂಕಿನಿಂದ ಎಂಜಿನ್ನಿಗೆ ಹೇಗೆ ಬರುತ್ತದೆ, ನಡುವೆ ಯಾವ ಪಂಪು, ಯಾವ ಸ್ವಿಚ್ಚು ಎಂಬುದನ್ನು ಪುಸ್ತಕ ನೋಡದೆ ಬಿಡಿಸಿ ನನಗೆ ಕಳುಹಿಸು. ದೀಪ ಹೊತ್ತಿದ ಮೇಲೆ ಎಷ್ಟು ನಿಮಿಷವೆಂಬುದನ್ನೂ ಅದರ ಪಕ್ಕದಲ್ಲೇ ಬರೆ.

ಇಂತಿ ನಿನ್ನ ಹಿತವನ್ನೇ ಬಯಸುವ,
ದೊಡ್ಡಪ್ಪ