ಕುರ್ಚಿಗೆ ಕಟ್ಟಿಹಾಕುವುದು ಕಾಳಜಿಯಲ್ಲ

ಮಾನ್ಯ ಸಂಪಾದಕರೇ,

ವೃದ್ಧರನ್ನೋ ಅಂಗವಿಕಲರನ್ನೋ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರ ಕಿವಿಗೆ ಮೊದಲ ದಿನವೇ ಬೀಳುವ ಮಾತು ‘ಡ್ಯೂಟಿ ಆಫ್ ಕೇರ್’, ಅಂದರೆ ಕಾಳಜಿಯ ಹೊಣೆ. ಆದರೆ ಅದನ್ನು ‘ಏನೂ ಅನಾಹುತ ಆಗದಂತೆ ನೋಡಿಕೋ’ ಎಂಬಷ್ಟಕ್ಕೆ ಇಳಿಸಿ ಹೇಳಿಕೊಡುವುದೇ ಹೆಚ್ಚು. ಈ ಕೆಲಸದಲ್ಲೇ ಹಲವು ವರ್ಷ ಕಳೆದಿರುವ ನನಗೆ, ಆ ಅರೆತಿಳಿವಳಿಕೆಯಿಂದಲೇ ಅನಾಹುತಗಳು ಹುಟ್ಟುತ್ತವೆ ಅನ್ನಿಸಿದೆ.

ಈ ಹೊಣೆಗೆ ಕಾನೂನಿನಲ್ಲಿ ಇಂದಿನ ರೂಪ ಕೊಟ್ಟಿದ್ದು ಬ್ರಿಟನ್ನಿನಲ್ಲಿ ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1932ರಲ್ಲಿ ನೀಡಿದ ತೀರ್ಪು. ಶುಂಠಿ ಪಾನೀಯದ ಬಾಟಲಿಯಲ್ಲಿ ಬಸವನಹುಳು ಇತ್ತೆಂಬ ದೂರಿನಿಂದ ಶುರುವಾದ ಆ ಮೊಕದ್ದಮೆಯಲ್ಲಿ, ನಮ್ಮ ಕೃತ್ಯದಿಂದಾಗಲಿ ಲೋಪದಿಂದಾಗಲಿ ಯಾರಿಗೆ ಹಾನಿಯಾದೀತೆಂದು ಮುಂಚಿತವಾಗಿ ಊಹಿಸಬಹುದೋ ಅವರ ವಿಷಯದಲ್ಲಿ ಸಮಂಜಸವಾದ ಎಚ್ಚರ ವಹಿಸಬೇಕೆಂದು ನ್ಯಾಯಾಧೀಶ ಲಾರ್ಡ್ ಆಟ್ಕಿನ್ ವಿವರಿಸಿದರು. ‘ಲೋಪ’ ಎಂಬ ಪದವನ್ನು ನಾವು ಹಗುರವಾಗಿ ಕಾಣಬಾರದು. ಹಾಸಿಗೆ ಹಿಡಿದವರ ಮಗ್ಗುಲನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ ಬೆನ್ನು ಹುಣ್ಣಾದರೆ, ಅಲ್ಲಿ ಯಾರೂ ಏನೂ ಮಾಡಿರುವುದಿಲ್ಲ, ಮಾಡದಿದ್ದುದೇ ತಪ್ಪು. ಹಾಗೆಯೇ ‘ಸಮಂಜಸ’ ಎಂಬುದನ್ನೂ ಮರೆಯಬಾರದು, ಏಕೆಂದರೆ ಅಪಾಯವೇ ಇಲ್ಲದ ಬದುಕನ್ನು ಕಾನೂನು ಕೇಳಿಲ್ಲ.

ನಾವು ಎಡವುವುದು ಇಲ್ಲಿಯೇ. ‘ಬಿದ್ದರೆ ಯಾರು ಹೊಣೆ?’ ಎಂಬ ಭಯಕ್ಕೆ ಹಿರಿಯರನ್ನು ಕುರ್ಚಿಗೆ ಬೆಲ್ಟು ಹಾಕಿ ಕೂರಿಸುತ್ತೇವೆ. ನಡೆಯದೆ ಹೋದರೆ ಕಾಲಿನ ಸ್ನಾಯುಗಳು ಸೊರಗಿ, ಮುಂದೆ ಬೀಳುವ ಸಂಭವವೇ ಹೆಚ್ಚುತ್ತದೆ. ಮಂಚದ ಪಕ್ಕದ ಕಂಬಿಗಳನ್ನು ಎತ್ತಿಟ್ಟರೆ, ಗೊಂದಲದಲ್ಲಿರುವವರು ಅವನ್ನು ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ. ನಾನೂ ಒಮ್ಮೆ, ಒಬ್ಬ ಹಿರಿಯರು ತಾವಾಗಿ ಏಳದಿರಲೆಂದು ಅವರ ವಾಕರನ್ನು ಕೈಗೆಟುಕದಂತೆ ಸರಿಸಿಟ್ಟಿದ್ದೆ. ಅವರು ಗೋಡೆ ಹಿಡಿದುಕೊಂಡು ನಡೆದರು. ದಾಖಲೆ ಪುಸ್ತಕದಲ್ಲಿ ‘ಸುರಕ್ಷಿತವಾಗಿದ್ದಾರೆ’ ಎಂದು ಆಗಲೇ ಬರೆದಾಗಿತ್ತು!

ಬೌದ್ಧಿಕ ಅಸಾಮರ್ಥ್ಯ ಇರುವವರ ಕುರಿತು ಬರೆಯುತ್ತಾ ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕಿ ಅವರು 1972ರಲ್ಲೇ, ಅಪಾಯವನ್ನು ಎದುರಿಸುವುದರಲ್ಲೂ ಮನುಷ್ಯನ ಘನತೆ ಇದೆ ಎಂದು ವಾದಿಸಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯೂ, ಒಬ್ಬರ ನಿರ್ಧಾರ ಅವಿವೇಕದ್ದೆಂದು ತೋರಿದ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಸಾಮರ್ಥ್ಯವೇ ಇಲ್ಲವೆಂದು ಭಾವಿಸಬಾರದು ಎನ್ನುತ್ತದೆ.

ಹಾಗೆಂದು ‘ಅವರಿಷ್ಟ’ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ನುಂಗಲು ತೊಂದರೆ ಇರುವವರು ಮೆತ್ತಗಿನ ಆಹಾರ ಬೇಡವೆಂದರೆ, ಮಾಮೂಲಿ ಊಟ ಶ್ವಾಸನಾಳಕ್ಕೆ ಇಳಿಯಬಹುದಾದ ಅಪಾಯವನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು, ತಜ್ಞರಿಂದ ಪರೀಕ್ಷೆ ಮಾಡಿಸಬೇಕು, ಊಟದ ಹೊತ್ತಿಗೆ ಪಕ್ಕದಲ್ಲಿರಬೇಕು, ಅವರ ನಿರ್ಧಾರವನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಅಂದೇ ಬರೆದಿಡಬೇಕು. ಮರೆಗುಳಿತನದಿಂದ ಆ ವಿಷಯವನ್ನು ತೂಗಿ ನೋಡಲು ಆಗದವರಾದರೆ, ಅವರ ಹಿತಕ್ಕಾಗಿ ಬೇರೆಯವರು ನಿರ್ಧರಿಸಬೇಕಾಗುತ್ತದೆ. ಆಗಲೂ ನಿರ್ಬಂಧ ಸಾಧ್ಯವಾದಷ್ಟು ಕಡಿಮೆ ಇರಬೇಕು. ಯಾರೋ ಹಿಂಸೆ ಕೊಡುತ್ತಿದ್ದಾರೆಂಬ ಅನುಮಾನ ಬಂದರೆ, ಗುಟ್ಟು ಕಾಯುವ ಮಾತು ಕೊಟ್ಟಿದ್ದರೂ ಮೇಲಿನವರಿಗೆ ತಿಳಿಸಲೇಬೇಕು.

ಇಷ್ಟೆಲ್ಲಕ್ಕೂ ಸಮಯ ಬೇಕು, ಜನ ಬೇಕು. ಇಬ್ಬರು ಸೇರಿ ಎತ್ತಬೇಕಾದವರನ್ನು ಒಬ್ಬರೇ ಎತ್ತುವಂತೆ ಮಾಡುವ ಸಂಸ್ಥೆ, ಕೆಲಸಗಾರರ ವಿಷಯದಲ್ಲೂ ತನಗೊಂದು ಕಾಳಜಿಯ ಹೊಣೆಯಿದೆ ಎಂಬುದನ್ನು ಮರೆತಿರುತ್ತದೆ. ಆದ್ದರಿಂದ ಯಾರಾದರೂ ಬಿದ್ದಾಗ, ಡ್ಯೂಟಿಯಲ್ಲಿದ್ದವರಿಗೆ ನೋಟಿಸು ಕೊಡುವ ಮೊದಲು ಆ ಪಾಳಿಯಲ್ಲಿ ಎಷ್ಟು ಮಂದಿಯನ್ನು ನೇಮಿಸಲಾಗಿತ್ತು ಎಂಬುದನ್ನು ಆಡಳಿತದವರು ವಿಚಾರಣಾ ವರದಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಆರೈಕೆ ಕೆಲಸಗಾರ